ಗೂಢಚಾರನ ಮುಖ ನಮಗೆ ಯಾಕೆ?

ಇದನ್ನು ಕ್ಯಾಮೆರಾಗೆ ಸ್ವಲ್ಪ ಹತ್ತಿರ ಹಿಡಿಯುತ್ತೇನೆ, ನೋಡಿ. ಒಂದು ಸ್ಪೈ ಸಿನಿಮಾದ ಸ್ಟೀಲ್‌ಬುಕ್. ಅಂದರೆ ಸಿನಿಮಾ ಡಿಸ್ಕ್ ಇಡುವ ತಗಡಿನ ಡಬ್ಬಿ. ಮುಂದೆ ಹೀರೋ ಮುಖ. ತಿರುಗಿಸಿದರೆ ವಿಲನ್ ಮುಖ. ತೆರೆದು ಡಿಸ್ಕ್ ಎತ್ತಿದರೆ ಅದರಡಿ ಮತ್ತೆ ಹೀರೋ ಮುಖ. ಈ ಮನುಷ್ಯನ ಕೆಲಸ ಏನು ಹೇಳಿ? ಯಾರ ಕಣ್ಣಿಗೂ ಬೀಳದೆ ಓಡಾಡುವುದು. ಅವನನ್ನೇ ಹಿಡಿದು ತಂದು ತಗಡಿನ ಮೇಲೆ ಅಚ್ಚು ಹಾಕಿದ್ದಾರೆ.

ಇಂಥವನ್ನು ಕೂಡಿಡುವ ಹುಚ್ಚು ನನಗೂ ಇದೆ, ಸುಳ್ಳು ಯಾಕೆ. ಕೈಗೆ ತಣ್ಣಗೆ ತಾಗುತ್ತದೆ. ಮುಚ್ಚಿದರೆ ಟಕ್ ಅನ್ನುತ್ತದೆ. ಅಕ್ಷರ ಉಬ್ಬಿಸಿದ್ದರಂತೂ ಕಣ್ಣು ಮುಚ್ಚಿ ಸವರಿದರೂ ಸಿನಿಮಾ ಹೆಸರು ಸಿಗುತ್ತದೆ. ಆದರೆ ತಗಡು ತಗಡೇ. ಒಂದು ಸಲ ಬಂದ ಪಾರ್ಸೆಲ್‌ನಲ್ಲಿ ಕೆಳಗಿನ ಮೂಲೆ ನೆಗ್ಗಿತ್ತು, ಉಗುರಿನ ತುದಿಯಷ್ಟು. ಸಿನಿಮಾಕ್ಕೇನೂ ಆಗಿರಲಿಲ್ಲ. ನಾನು ಮಾತ್ರ ವಾರವಿಡೀ ಸಿನಿಮಾ ಬಿಟ್ಟು ಆ ಮೂಲೆಯನ್ನೇ ನೋಡಿದೆ.

ಸರಿ, ಮುಖದ ವಿಷಯಕ್ಕೆ ಬರೋಣ. ಸ್ಪೈ ಸಿನಿಮಾ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬಿಳಿ ವೃತ್ತ, ಅದರೊಳಗೆ ನಡೆದು ಬರುವ ಸೂಟಿನ ಮನುಷ್ಯ, ಥಟ್ಟನೆ ತಿರುಗಿ ಗುಂಡು, ಮೇಲಿಂದ ಇಳಿಯುವ ಕೆಂಪು. ಜೇಮ್ಸ್ ಬಾಂಡ್ ಸರಣಿಯ ಮೊದಲ ಸಿನಿಮಾ, 1962ರ ‘ಡಾ. ನೋ’ಗಾಗಿ ಟೈಟಲ್ ವಿನ್ಯಾಸಕ ಮಾರಿಸ್ ಬಿಂಡರ್ ಮಾಡಿದ್ದು. ನಿಜವಾದ ಪಿಸ್ತೂಲಿನ ನಳಿಕೆಯೊಳಗಿಂದಲೇ, ಮಸೂರದ ಬದಲು ಸಣ್ಣ ತೂತಿರುವ ಪಿನ್‌ಹೋಲ್ ಕ್ಯಾಮೆರಾ ಇಟ್ಟು ತೆಗೆದರು. ಮಜಾ ಏನು ಗೊತ್ತಾ? ಮೊದಲ ಮೂರು ಬಾಂಡ್ ಸಿನಿಮಾಗಳಲ್ಲಿ ಅಲ್ಲಿ ನಡೆದು ಬರುವವನು ಬಾಂಡ್ ಪಾತ್ರಧಾರಿ ಶಾನ್ ಕಾನರಿ ಅಲ್ಲವೇ ಅಲ್ಲ. ಬಾಬ್ ಸಿಮನ್ಸ್ ಅನ್ನುವ ಸ್ಟಂಟ್‌ಮನ್. ಥಿಯೇಟರಿನಲ್ಲಿ ಕೂತವರಿಗೆ ಅದರಿಂದ ಏನೂ ಕಡಿಮೆ ಆಗಲಿಲ್ಲ. ಹೀರೋ ಇಲ್ಲದೆಯೇ ಆ ಚಿತ್ರ ನಿಂತಿತು.

ಹಾಗಾದರೆ ಡಬ್ಬಿಗೂ ಅಷ್ಟೇ ಸಾಕಲ್ವಾ? ನನ್ನ ಕೈಗೆ ಬಿಟ್ಟರೆ ಪೂರ್ತಿ ಕಪ್ಪು, ಹೊಳಪಿಲ್ಲದ ತಗಡು, ನಡುವೆ ಒಂದು ವೃತ್ತ. ಹೆಸರೂ ಬೇಡ. ತಾಂತ್ರಿಕ ವಿವರಗಳೆಲ್ಲ ಹೇಗೂ ಹಿಂದೆ ಅಂಟಿಸಿದ ಕಾಗದದಲ್ಲೇ ಇರುತ್ತವೆ, ಕಿತ್ತರೆ ಹೋಯಿತು. (ಗೋಂದಿನ ಉಂಡೆ ಮಾತ್ರ ಉಳಿಯುತ್ತದೆ. ಬೆರಳಲ್ಲಿ ಮೆಲ್ಲಗೆ ಉರುಳಿಸಿ ತೆಗೆಯಿರಿ, ಉಗುರು ಹಾಕಬೇಡಿ.) ಡಿಸ್ಕಿನ ನಡುವೆ ತೂತು ಇದ್ದೇ ಇದೆ. ಅದನ್ನೇ ನಳಿಕೆ ಮಾಡಿ. ಡಿಸ್ಕ್ ಎತ್ತಿದಾಗ ಅಡಿಯಲ್ಲಿ ಆ ಮನುಷ್ಯ ಸಿಗಲಿ. ಅಂಥ ಕಪ್ಪು ತಗಡಿನ ಮೇಲೆ ಬೆರಳಚ್ಚು ಜಾಸ್ತಿ ಕೂರುತ್ತದೆ, ಒಪ್ಪುತ್ತೇನೆ. ಸ್ಪೈ ಸಿನಿಮಾಕ್ಕೆ ಅದೂ ಒಪ್ಪುತ್ತದೆ ಬಿಡಿ.

ಮುಖ ತುಂಬಿದ ಡಬ್ಬಿಯ ಮೇಲೆ ಇನ್ನೊಂದು ಸಿಟ್ಟಿದೆ. ಹೊರಗೆ ಎಲ್ಲ ತೋರಿಸಿ, ಒಳಗೆ ಮುಚ್ಚಿಡುತ್ತಾರೆ. 2011ರ ‘ಮಿಷನ್ ಇಂಪಾಸಿಬಲ್’ನಲ್ಲಿ ಬುರ್ಜ್ ಖಲೀಫಾ ಹತ್ತುವ ದೃಶ್ಯವನ್ನು ಐಮ್ಯಾಕ್ಸ್ (ದೈತ್ಯ ಪರದೆಯ ಸಿನಿಮಾ) ಕ್ಯಾಮೆರಾದಲ್ಲಿ ತೆಗೆದಿದ್ದರು. ಐಮ್ಯಾಕ್ಸ್ ಪರದೆಯಲ್ಲಿ ಆ ಹೊತ್ತಿಗೆ ಚಿತ್ರ ಮೇಲಕ್ಕೂ ಕೆಳಕ್ಕೂ ಬೆಳೆಯುತ್ತಿತ್ತು. ಕೆಳಗೆ ನೋಡಿದರೆ ಕಾಲು ನಡುಗಬೇಕು, ಹಾಗೆ. ಮನೆಗೆ ಬರುವ ಬ್ಲೂ-ರೇ ಡಿಸ್ಕಿನಲ್ಲಿ? ಮೇಲೊಂದು ಕಪ್ಪು ಪಟ್ಟಿ, ಕೆಳಗೊಂದು ಕಪ್ಪು ಪಟ್ಟಿ, ಕದಲುವುದೇ ಇಲ್ಲ. ಅದೇ ಸರಣಿಯ 2018ರ ‘ಫಾಲೌಟ್’ ಡಿಸ್ಕಿನಲ್ಲಿ ಹೆಲಿಕಾಪ್ಟರ್ ದೃಶ್ಯಕ್ಕೆ ಆ ಪಟ್ಟಿ ಸರಿದು ಚಿತ್ರ ಎತ್ತರವಾಗುತ್ತದೆ. ಅಂದರೆ ಮಾಡಲು ಆಗುತ್ತದೆ. ಆ ಎತ್ತರ ಕೊಡುವುದಾದರೆ ಮಾಮೂಲಿ ಪ್ಲಾಸ್ಟಿಕ್ ಕೇಸಿನಲ್ಲೇ ಕೊಡಲಿ, ಮೊದಲು ಅದನ್ನೇ ತರುತ್ತೇನೆ.

ಈಗ ಇದನ್ನು ಶೆಲ್ಫಿಗೆ ಸೇರಿಸುತ್ತೇನೆ, ಬೆನ್ನು ಮಾತ್ರ ಕಾಣುವ ಹಾಗೆ. ಒಂದು ನಿಮಿಷ... ಅಯ್ಯೋ, ಇಲ್ಲೂ ಒಂದು ಪುಟ್ಟ ಮುಖ ಇದೆ.