ಕರೆ ದೇವರದು, ಕಂತು ಯಾರದು?

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಸಭಾಪಾಲಕರ, ಅಂದರೆ ಚರ್ಚಿನ ಪಾಸ್ಟರ್‌ಗಳ, ಮನೆಯವರ ಕಾಯಿಲೆಯ ಖರ್ಚನ್ನು ಯಾರು ಹೊರಬೇಕು ಎಂಬುದರ ಬಗ್ಗೆ. ಜರ್ಮನಿಯಲ್ಲಿ ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಅವರು 1546ರಲ್ಲಿ ತೀರಿಕೊಂಡಾಗ ಅವರ ಪತ್ನಿ ಕ್ಯಾಥರೀನಾ ಫಾನ್ ಬೋರಾ ಅವರ ಕೈಯಲ್ಲಿ ಗಂಡ ಬರೆದುಕೊಟ್ಟಿದ್ದ ಉಯಿಲೊಂದು ಇತ್ತು. ಆದರೆ ವಕೀಲರನ್ನು ಕಂಡರಾಗದ ಲೂಥರ್ ಅದನ್ನು ಸ್ಯಾಕ್ಸನಿಯ ಕಾನೂನು ಒಪ್ಪುವ ಕ್ರಮದಲ್ಲಿ ಮಾಡಿರಲಿಲ್ಲವಾದ್ದರಿಂದ, ಎಲ್ಲವೂ ಹೆಂಡತಿಗೇ ಸೇರಬೇಕೆಂಬ ಅವರ ಇಚ್ಛೆ ಕಾಗದದಲ್ಲೇ ತೊಡಕಿಗೆ ಸಿಕ್ಕಿತು. ಸನ್ಯಾಸಿನಿಯಾಗಿದ್ದು 1525ರಲ್ಲಿ ಮದುವೆಯಾಗಿ ಆರು ಮಕ್ಕಳನ್ನು ಹೆತ್ತು, ಮನೆಯಲ್ಲಿ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಸಂಸಾರ ತೂಗಿಸಿದ ಆ ಹೆಂಗಸು, ಯುದ್ಧದಲ್ಲಿ ಜಮೀನೂ ಹಾಳಾದ ಮೇಲೆ ಬಡತನದಲ್ಲೇ ಬದುಕಿ 1552ರಲ್ಲಿ ಕಣ್ಮುಚ್ಚಿದರು. ಸಭಾಪಾಲಕರ ಸಂಸಾರಕ್ಕೆ ಆಸರೆ ಯಾರು ಎಂಬ ಪ್ರಶ್ನೆ ಪ್ರಾಟೆಸ್ಟೆಂಟ್ ಪಂಥದಷ್ಟೇ ಹಳೆಯದು. ಪಾದ್ರಿಗೆ ಮದುವೆಯ ಹಕ್ಕು ಕೊಟ್ಟ ದಿನವೇ ಅದು ಹುಟ್ಟಿತು.

ನಾನು ಸಭಾಪಾಲಕರ ಬಂಗಲೆಯಲ್ಲಿ ಬೆಳೆದವನು. ಅಮ್ಮನಿಗೆ ಶಸ್ತ್ರಚಿಕಿತ್ಸೆ ಆಗಬೇಕಾದ ವರ್ಷ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ವಿಶೇಷ ಕಾಣಿಕೆ ಎತ್ತಿದರು, ಮತ್ತು ಕೊಟ್ಟವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಮರುವರ್ಷ ಸಭಾ ಸಮಿತಿಯ ಲೆಕ್ಕದಲ್ಲಿ ಒಂದು ತಪ್ಪು ಎದ್ದು ಕಂಡಾಗ, ಎಂದೂ ನೇರವಾಗಿ ಮಾತನಾಡುತ್ತಿದ್ದ ಅಪ್ಪ ಬಾಯಿ ಬಿಡಲಿಲ್ಲ, ಏಕೆಂದರೆ ಕಾಣಿಕೆಯಲ್ಲಿ ದೊಡ್ಡ ಪಾಲು ಕೊಟ್ಟಿದ್ದವರೇ ಆ ಲೆಕ್ಕ ಬರೆದಿದ್ದರು. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂಬ ಮೋಶೆಯ ನಿಯಮವನ್ನು ಪೌಲನು ಸುವಾರ್ತೆ ಸಾರುವವರ ಜೀವನಾಧಾರಕ್ಕೆ ಅನ್ವಯಿಸಿದ್ದಾನೆ. ನಮ್ಮ ಮನೆಯಲ್ಲಿ ಎತ್ತಿಗೆ ಮೇವು ಸಿಕ್ಕಿತು, ಬಾಯಿಕುಕ್ಕೆಯೂ ಅದರ ಜೊತೆಗೇ ಬಂತು. ಕಾಯಿಲೆಯ ಖರ್ಚು ದಾನವಾಗಿ ಬರಬಾರದು, ಹಕ್ಕಾಗಿ ಬರಬೇಕು ಎಂಬ ನನ್ನ ಹಟಕ್ಕೆ ಮೂಲ ಇದೇ.

ಹಕ್ಕಾಗಿ ಬರುವಂತೆ ಮಾಡುವುದು ಹೇಗೆ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರೂ ಸಭಾಪಾಲಕರೇ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಸ್ಕಾಟ್ಲೆಂಡಿನಲ್ಲಿ ಸಭಾಪಾಲಕ ಸತ್ತರೆ ಅವನ ಮನೆಯವರಿಗೆ ಅರ್ಧ ವರ್ಷದ ಸಂಭಾವನೆ ಸಿಗುತ್ತಿತ್ತು. ಆಮೇಲೆ ಮನೆ ಹೊಸಬರಿಗೆ, ವಿಧವೆ ನೆಂಟರ ಪಾಲಿಗೆ. 1740ರ ದಶಕದ ಆರಂಭದಲ್ಲಿ ಎಡಿನ್‌ಬರೋದ ಇಬ್ಬರು ಸಭಾಪಾಲಕರು, ರಾಬರ್ಟ್ ವಾಲೇಸ್ ಮತ್ತು ಅಲೆಕ್ಸಾಂಡರ್ ವೆಬ್‌ಸ್ಟರ್, ಇದಕ್ಕೊಂದು ಕೊನೆ ಕಾಣಿಸಲು ಹೊರಟರು. (ವೆಬ್‌ಸ್ಟರ್ ಅವರು ಕೆಂಪು ದ್ರಾಕ್ಷಾರಸದ ವಿಷಯದಲ್ಲಿ ಎಡಿನ್‌ಬರೋದಲ್ಲೇ ಹೆಸರುವಾಸಿಯಾಗಿದ್ದರು, ಲೆಕ್ಕದಲ್ಲಿ ಮಾತ್ರ ಕೈ ನಡುಗಿದ್ದಿಲ್ಲ.) ಅವರು ಊರೂರಿನ ಸಭೆಗಳಿಂದ ಅಂಕಿಗಳನ್ನು ತರಿಸಿ, ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆಂದು ತೋರಿಸುವ ಖಗೋಳಜ್ಞ ಹ್ಯಾಲಿಯ ಮರಣ ಕೋಷ್ಟಕಗಳನ್ನು ನೋಡಿ, ಗಣಿತಜ್ಞ ಕಾಲಿನ್ ಮ್ಯಾಕ್ಲಾರಿನ್ ಅವರಿಂದ ಲೆಕ್ಕ ತಿದ್ದಿಸಿದರು. ಯಾವುದೇ ಕಾಲಕ್ಕೆ ಸುಮಾರು 930 ಸಭಾಪಾಲಕರು ಇರುತ್ತಾರೆ, ವರ್ಷಕ್ಕೆ ಸರಾಸರಿ 27 ಮಂದಿ ಸಾಯುತ್ತಾರೆ, ಅವರಲ್ಲಿ 18 ಮಂದಿ ವಿಧವೆಯರನ್ನೂ, 5 ಮಂದಿ ತಾಯಿಯೂ ಇಲ್ಲದ ಮಕ್ಕಳನ್ನೂ ಬಿಟ್ಟುಹೋಗುತ್ತಾರೆ ಎಂದು ಅವರಿಗೆ ಗೊತ್ತಾಯಿತು. ಯಾರು ಸಾಯುತ್ತಾರೆಂದು ದೇವರಿಗೇ ಗೊತ್ತು. ಎಷ್ಟು ಮಂದಿ ಎಂಬುದನ್ನು ಮನುಷ್ಯರೂ ಅಂದಾಜು ಮಾಡಬಹುದು ಎಂಬ ಈ ಅರಿವಿನ ಮೇಲೆ 1744ರಲ್ಲಿ ಕಾಯಿದೆಯ ಬಲದೊಂದಿಗೆ ನಿಧಿ ನಿಂತಿತು.

ಪ್ರತಿಯೊಬ್ಬ ಸಭಾಪಾಲಕನೂ ನಾಲ್ಕು ದರ್ಜೆಗಳಲ್ಲಿ ಒಂದನ್ನು ಆರಿಸಿಕೊಂಡು ವರ್ಷ ವರ್ಷ ಕಂತು ಕಟ್ಟಬೇಕಿತ್ತು. ಕೆಳಗಿನ ದರ್ಜೆಗೆ ಎರಡೂವರೆ ಪೌಂಡಿಗಿಂತ ತುಸು ಹೆಚ್ಚು ಕಟ್ಟಿದರೆ ವಿಧವೆಗೆ ವರ್ಷಕ್ಕೆ 10 ಪೌಂಡ್, ಮೇಲಿನ ದರ್ಜೆಗೆ ಆರೂವರೆ ಪೌಂಡ್ ಚಿಲ್ಲರೆ ಕಟ್ಟಿದರೆ 25 ಪೌಂಡ್ ಬರುತ್ತಿತ್ತು. 1765ರ ಹೊತ್ತಿಗೆ ನಿಧಿಯಲ್ಲಿ 58,348 ಪೌಂಡ್ ಇರಬೇಕೆಂದು ಅವರು ಮುಂಚಿತವಾಗಿ ಹೇಳಿದ್ದರು; ಇದ್ದದ್ದು 58,347. ಇಪ್ಪತ್ತು ವರ್ಷಕ್ಕೆ ಒಂದು ಪೌಂಡಿನ ವ್ಯತ್ಯಾಸ! ನನಗೆ ಈ ಅಂಕಿಗಿಂತ ಮುಖ್ಯವಾಗಿ ಕಾಣುವುದು ‘ಕಟ್ಟಬೇಕು’ ಎಂಬ ಕಡ್ಡಾಯ. ಇಷ್ಟವಿದ್ದವರು ಮಾತ್ರ ಸೇರಬಹುದೆಂದಿದ್ದರೆ ರೋಗಿಗಳೂ ಮುದುಕರೂ ಸೇರುತ್ತಿದ್ದರು, ಗಟ್ಟಿಮುಟ್ಟಾದವರು ಹೊರಗುಳಿಯುತ್ತಿದ್ದರು, ಮತ್ತು ನಿಧಿ ಹತ್ತು ವರ್ಷವೂ ಬಾಳುತ್ತಿರಲಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆ ಇಂದು ಬೇರೆ ರೂಪದಲ್ಲಿದೆ. ಅಲ್ಲಿ ಸಭಾಪಾಲಕರು ಆದಾಯ ತೆರಿಗೆಯ ಮಟ್ಟಿಗೆ ಸಾಮಾನ್ಯವಾಗಿ ನೌಕರರು, ಸಾಮಾಜಿಕ ಭದ್ರತೆಯ ಮಟ್ಟಿಗೆ ಸ್ವಯಂ ಉದ್ಯೋಗಿಗಳು. ಆದ್ದರಿಂದ ಬೇರೆ ನೌಕರರು ಯಜಮಾನರೊಂದಿಗೆ ಅರ್ಧರ್ಧ ಹಂಚಿಕೊಳ್ಳುವ ಶೇ. 15.3ರ ವಂತಿಗೆಯನ್ನು ಅವರು ಪೂರ್ತಿ ತಾವೇ ಹೊರಬೇಕು. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆ ಬಹುಕಾಲ ಒಂದು ಸೊಗಸಾದ ಕ್ರಮವನ್ನು ಪಾಲಿಸಿತ್ತು: ಆರೋಗ್ಯ ವಿಮೆಯ ವಂತಿಗೆ ಸಂಬಳದ ಇಂತಿಷ್ಟು ಭಾಗ, ಮನೆಯಲ್ಲಿ ಒಬ್ಬರಿರಲಿ ಆರು ಜನರಿರಲಿ ಅದು ಒಂದೇ. ಕುಟುಂಬದ ಗಾತ್ರ ನೋಡಿ ದರ ಕಟ್ಟಿದರೆ, ಸಣ್ಣ ಸಭೆಯವರು ಸಭಾಪಾಲಕಿಯನ್ನು ಆರಿಸುವಾಗ ಅವಳ ಉಪದೇಶ ಕೇಳುವ ಮೊದಲೇ ಮಕ್ಕಳ ತಲೆ ಎಣಿಸುತ್ತಾರೆ. ಇದು ನನ್ನ ಊಹೆಯಷ್ಟೇ ಆದರೂ, ಸಮಿತಿಗಳಲ್ಲಿ ಕುಳಿತವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಿಧಿ ಇದ್ದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ: ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ನಿವೃತ್ತಿ ನಿಧಿಯಲ್ಲಿ ಸುಮಾರು 9 ಕೋಟಿ ಡಾಲರ್ ಇಲ್ಲವಾಗಿರುವುದು 2021ರಲ್ಲಿ ಬೆಳಕಿಗೆ ಬಂದು, ಬದುಕಿಡೀ ದುಡಿದ ಸಭಾಪಾಲಕರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಲೆಕ್ಕ ಹಾಕುವವರೂ ಲೆಕ್ಕ ತಪಾಸಣೆ ಮಾಡುವವರೂ ಬೇರೆ ಬೇರೆಯಾಗಿರಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಮಿಷನ್ನಿನವರು ಕಟ್ಟಿದ ಆಸ್ಪತ್ರೆಗಳು, ಅಂದರೆ ಉಡುಪಿಯ ಲೊಂಬಾರ್ಡ್, ಗದಗ ಬೆಟಗೇರಿಯ ಆಸ್ಪತ್ರೆ, ಇತ್ತ ಮೆಥಡಿಸ್ಟರು ಕಟ್ಟಿದ ಮೈಸೂರಿನ ಹೋಲ್ಡ್ಸ್‌ವರ್ತ್, ಕೋಲಾರದ ಮಿಷನ್ ಆಸ್ಪತ್ರೆ, ಇವೆಲ್ಲ ಸಭಾಪಾಲಕರ ಮನೆಯವರಿಗೆ ತಮ್ಮವೇ ಎನ್ನಿಸುವಂಥವು. ಆದರೆ ಹೆರಿಗೆಗೂ ಜ್ವರಕ್ಕೂ ಆಗಿಬಂದ ಆ ಸಲುಗೆ ಹೃದಯದ ಶಸ್ತ್ರಚಿಕಿತ್ಸೆಗೋ ಕ್ಯಾನ್ಸರಿಗೋ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯ ಬಿಲ್ಲಿನ ಕೌಂಟರಿನಲ್ಲಿ ನಡೆಯುವುದಿಲ್ಲ. ಅಲ್ಲಿ ಕೇಳುವುದು ವಿಮೆಯ ಕಾರ್ಡನ್ನು.

ದೊಡ್ಡ ಡಯಾಸಿಸ್‌ಗಳ, ಅಂದರೆ ಬಿಷಪರ ಆಡಳಿತಕ್ಕೊಳಪಟ್ಟ ಪ್ರಾಂತಗಳ, ಸಭಾಪಾಲಕರಿಗೆ ಹೇಳಿಕೊಳ್ಳಲು ಒಂದು ಕಚೇರಿಯಾದರೂ ಇದೆ. ಬಾಡಿಗೆ ಸಭಾಂಗಣದಲ್ಲಿ ನಡೆಯುವ ಸ್ವತಂತ್ರ ಸಭೆಯ ಪಾಸ್ಟರ್ ಯಾರ ಹಾಜರಿ ಪುಸ್ತಕದಲ್ಲೂ ಇಲ್ಲ. ಅವರ ಎದುರು ಮೊದಲ ಸಾಲಿನಲ್ಲಿ ಕುಳಿತ ಗಾರ್ಮೆಂಟ್ಸ್ ಕೆಲಸದ ತಂಗಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆ: 21,000 ರೂಪಾಯಿಯೊಳಗಿನ ಸಂಬಳದಲ್ಲಿ ಶೇ. 0.75 ಅವಳದು, ಶೇ. 3.25 ಮಾಲೀಕರದು, ಮಕ್ಕಳಿಗೂ ಆಸರೆಯಲ್ಲಿರುವ ಹೆತ್ತವರಿಗೂ ಚಿಕಿತ್ಸೆ. ಅವಳಿಗಾಗಿ ಪ್ರಾರ್ಥಿಸುವ ಪಾಸ್ಟರ್ ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಯೋಜನೆಯ 5 ಲಕ್ಷಕ್ಕೆ, ಇಲ್ಲದಿದ್ದರೆ ಅದೇ ಯೋಜನೆಯಲ್ಲಿ ಗೊತ್ತುಮಾಡಿದ ಚಿಕಿತ್ಸಾ ದರದ ಶೇ. 30ಕ್ಕೆ ಕಾಯಬೇಕು.

‘ಇದು ಕರೆ, ನೌಕರಿಯಲ್ಲ’ ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ 2013ರಲ್ಲಿ ಮೆಥಡಿಸ್ಟ್ ಸಭಾಪಾಲಕಿಯೊಬ್ಬರ ಪ್ರಕರಣದಲ್ಲಿ ಅವರು ನೌಕರರಲ್ಲ ಎಂದೇ ತೀರ್ಪು ಕೊಟ್ಟಿತು. ಆದರೆ ಕರೆ ಬಂದದ್ದು ಅಪ್ಪನಿಗೆ. ಅಮ್ಮನ ಗರ್ಭಕೋಶಕ್ಕೆ ಯಾವ ಕರೆಯೂ ಬಂದಿರಲಿಲ್ಲ. ವೆಬ್‌ಸ್ಟರ್ ಮತ್ತು ವಾಲೇಸ್ ಕರೆಯನ್ನು ಅಲ್ಲಗಳೆಯಲಿಲ್ಲ, ಅದನ್ನು ನಂಬಿದ್ದರಿಂದಲೇ ಹೆಂಡತಿ ಮಕ್ಕಳ ಲೆಕ್ಕ ಬರೆದರು. ನೂರು ಸಣ್ಣ ಸಭೆಗಳು ಪಂಥಭೇದ ಮರೆತು ಒಂದು ಗುಂಪು ವಿಮೆಗೆ ಸೇರಿ, ಕಂತನ್ನು ಸಂಭಾವನೆಯ ಒಂದು ಭಾಗವಾಗಿ ಸಭೆಯಿಂದಲೇ ಕಟ್ಟಿಸಿ, ಪಾಸ್ಟರ್ ನಿವೃತ್ತರಾದ ಮೇಲೂ ತೀರಿಕೊಂಡ ಮೇಲೂ ಹೆಂಡತಿಯ ಹೆಸರನ್ನು ತೆಗೆಯದೆ ಉಳಿಸುವುದು ಅಸಾಧ್ಯದ ಮಾತೇನಲ್ಲ. ನಿಮ್ಮ ಸಭೆಯ ವಾರ್ಷಿಕ ಲೆಕ್ಕಪತ್ರ ಕೈಗೆ ಬಂದಾಗ ಧ್ವನಿವರ್ಧಕದ ದುರಸ್ತಿಗೂ ಕ್ರಿಸ್ಮಸ್ ಅಲಂಕಾರಕ್ಕೂ ನಡುವೆ ಈ ಬಾಬ್ತಿಗೆ ಒಂದು ಸಾಲು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸಭೆಯಲ್ಲಿ ಎದ್ದು ನಿಂತು ಕೇಳಿ. ಸಭಾಪಾಲಕರು ತಾವಾಗಿ ಕೇಳಲಾರರು.