ಲಾವೋಸ್‌ನಲ್ಲಿ ಮೊದಲು ವಯಸ್ಸು, ಆಮೇಲೆ ಮಾತು

ಬೆಳಗಿನ ಹೊತ್ತು, ಲುವಾಂಗ್ ಪ್ರಬಾಂಗ್‌ನ ಸಂತೆ ಬೀದಿ. ಈಗ ಕಾಣ್ತಿರೋ ಈ ಹೆಂಗಸು ಮಾರ್ತಿರೋದು ನದಿ ಪಾಚಿ. ತೆಳ್ಳಗೆ ಹರಡಿ, ಮೇಲೆ ಎಳ್ಳು ಉದುರಿಸಿ, ಬಿಸಿಲಲ್ಲಿ ಒಣಗಿಸಿದ ಹಾಳೆಗಳು. ಪಾಚಿ ಬಗ್ಗೆ ಇನ್ನೊಮ್ಮೆ ಹೇಳ್ತೀನಿ, ಈಗ ಇವರ ಮಾತು ಕೇಳಿಸ್ಕೊಳ್ಳಿ. ಕೊಳ್ಳೋಕೆ ಬಂದ ಹುಡುಗ ‘ಉವಯ್’ ಅಂತ ಕರೆದ. ಅಂದ್ರೆ ಅಕ್ಕ. ಅವರು ತಿರುಗಿ ಹೇಳಿದ್ದು, ‘ಉವಯ್ ಇನ್ನೊಂದು ಹಾಕ್ತಾಳೆ, ನೋಂಗ್ ತಗೊಂಡು ಹೋಗ್ಲಿ’ ಅನ್ನೋ ಧಾಟೀಲಿ. ನೋಂಗ್ ಅಂದ್ರೆ ತಮ್ಮನೂ ಹೌದು, ತಂಗಿನೂ ಹೌದು. ಇಡೀ ವ್ಯಾಪಾರ ಮುಗೀತು. ‘ನಾನು’ ಬರಲಿಲ್ಲ, ‘ನೀನು’ ಬರಲಿಲ್ಲ.

ಮಗುನ ಕರೆಯುವಾಗ ನಾವೂ ‘ಅಕ್ಕ ಕೊಡ್ತಾಳೆ ಬಾ’ ಅಂತೀವಲ್ಲ, ಅದೇ ರೀತಿ. ಆದ್ರೆ ಇಲ್ಲಿ ದೊಡ್ಡವರು ದೊಡ್ಡವರ ಜೊತೆ, ಮುಖಪರಿಚಯನೇ ಇಲ್ಲದವರ ಜೊತೆ ದಿನವಿಡೀ ಹೀಗೇ ಮಾತಾಡ್ತಾರೆ. ಮರ್ಯಾದೆ ಅಂದ್ರೆ ಎದುರಿನವರನ್ನ ದೂರ ನಿಲ್ಲಿಸೋದು ಅಂತ ಎಷ್ಟೋ ಕಡೆ ಅಂದ್ಕೋತಾರೆ. ಲಾವೋ ಜನ ಹತ್ತಿರ ಕರೆದು ಮರ್ಯಾದೆ ಕೊಡ್ತಾರೆ. ನನಗೆ ಈ ಭಾಷೆ ಹಿಡಿಸಿದ್ದೇ ಇದಕ್ಕೆ.

ಅದಕ್ಕೇ ಇಲ್ಲಿ ಪರಿಚಯ ಆಗ್ತಿದ್ದ ಹಾಗೆ ವಯಸ್ಸು ಕೇಳ್ತಾರೆ. ಬೇಜಾರು ಮಾಡ್ಕೋಬೇಡಿ. ನೀವು ಅಣ್ಣನೋ ತಮ್ಮನೋ ಗೊತ್ತಾಗದೆ ಅವರು ಹೇಗೆ ಮಾತು ಶುರು ಮಾಡ್ಬೇಕು? ನಿಮಗಿಂತ ಸ್ವಲ್ಪ ದೊಡ್ಡ ಗಂಡಸಾದ್ರೆ ಆಯ್, ಹೆಂಗಸಾದ್ರೆ ಉವಯ್. ಅಪ್ಪ ಅಮ್ಮನಿಗಿಂತ ದೊಡ್ಡವರಾದ್ರೆ ಲುಂಗ್, ಪಾ. ಅಜ್ಜಿಗೆ ಮೇಥಾವ್. ಇಲ್ಲಿಗೆ ಬರೋರು ‘ಸಬಾಯ್ ದೀ’ ಅನ್ನೋ ನಮಸ್ಕಾರ ಒಂದನ್ನೇ ಕಲಿತು ಬರ್ಬೇಡಿ. ಅದಾದ ಮೇಲೆ ಇವುಗಳಲ್ಲಿ ಒಂದನ್ನ ಸೇರಿಸಿ.

ನಾನು, ನೀನು ಇಲ್ಲವೇ ಇಲ್ಲ ಅಂತಲ್ಲ. ಸಾಕಷ್ಟಿವೆ. ಜೊತೇಲಿ ಬೆಳೆದ ಗೆಳೆಯರು ‘ಕೂ’, ‘ಮುಂಗ್’ ಅಂತಾರೆ. ಅದನ್ನ ಹೊರಗಿನವರಿಗೆ ಹೇಳಿದ್ರೆ ಜಗಳನೇ. ಎಲ್ಲರ ಜೊತೆಗೂ ಸಲ್ಲೋದು ‘ಖೊಯ್’ ಮತ್ತು ‘ಚಾವ್’. ಮೂಲದಲ್ಲಿ ಖೊಯ್ ಅಂದ್ರೆ ಆಳು, ಚಾವ್ ಅಂದ್ರೆ ಒಡೆಯ. ಈಗ ಹಾಗಂತ ಯಾರಿಗೂ ಅನ್ನಿಸಲ್ಲ, ಸವೆದು ನುಣ್ಣಗಾಗಿರೋ ಪದಗಳು. ಅದಕ್ಕಿಂತ ತಗ್ಗಿ ಮಾತಾಡ್ಬೇಕಾದ್ರೆ ‘ಖಾನೊಯ್’, ಚಿಕ್ಕ ಆಳು. ಅಧಿಕಾರದಲ್ಲಿರೋರಿಗೆ, ಸಭೇಲಿ ‘ಥಾನ್’, ನಮ್ಮ ‘ತಾವು’ ಇದ್ದ ಹಾಗೆ.

ಕನ್ನಡದಲ್ಲಿ ನಾವು ‘ಅವನು’, ‘ಅವರು’ ಅನ್ನೋ ಪದ ನುಂಗಿದ್ರೂ ಕ್ರಿಯಾಪದ ಬಿಟ್ಟುಕೊಡುತ್ತೆ. ‘ಬಂದ’ ಅಂದ್ರಾ, ‘ಬಂದ್ರು’ ಅಂದ್ರಾ, ಅಲ್ಲೇ ಗೊತ್ತಾಗುತ್ತೆ. ಲಾವೋದಲ್ಲಿ ಕ್ರಿಯಾಪದಕ್ಕೆ ಇಂಥ ಪ್ರತ್ಯಯ ಇಲ್ಲ. ಅಜ್ಜ ಬಂದ್ರೂ, ಎಮ್ಮೆ ಬಂದ್ರೂ ‘ಮಾ’. ಹಾಗಾಗಿ ಮರ್ಯಾದೆಯ ಭಾರ ಬಹುಪಾಲು ಕರೆಯೋ ಪದದ ಮೇಲೇ ಬೀಳುತ್ತೆ. ಅವನು, ಅವರು ಅನ್ನೋದಕ್ಕೂ ಅಷ್ಟೇ: ಪ್ರಾಣಿಗೆ, ಸಲಿಗೆಯವರಿಗೆ ‘ಮನ್’, ಸಾಮಾನ್ಯವಾಗಿ ‘ಲಾವ್’, ಹಿರಿಯರಿಗೆ ‘ಫನ್’.

ಈಗ ಕಾಣ್ತಿರೋದು ಹಳೇ ಅರಮನೆ, ಇವತ್ತು ಮ್ಯೂಸಿಯಂ. 1975ರ ಡಿಸೆಂಬರ್‌ನಲ್ಲಿ ರಾಜಪ್ರಭುತ್ವ ಹೋಯ್ತು. ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಎಲ್ಲರೂ ಸಮಾನರಾಗಬೇಕಿತ್ತು, ಮಾತಲ್ಲೂ. ತಲೆ ತಗ್ಗಿಸೋ ಖಾನೊಯ್ ಬೇಡ, ‘ಹೌದು’ ಅನ್ನೋಕೆ ಇದ್ದ ವಿನಯದ ‘ದೋಯ್’ ಬೇಡ, ಖೊಯ್-ಚಾವ್ ಸಾಕು ಅಂದ್ರು. ಪಕ್ಷದವರು ಒಬ್ಬರನ್ನೊಬ್ಬರು ‘ಸಹಾಯ್’ ಅಂತ ಕರ್ಕೊಂಡ್ರು. ಹೌದು, ನಮ್ಮ ಸಹಾಯನೇ. ಸಂಸ್ಕೃತದಲ್ಲಿ ಅದಕ್ಕೆ ಜೊತೆಗಾರ ಅನ್ನೋ ಅರ್ಥವಿದೆ, ಇಲ್ಲಿ ಕಾಮ್ರೇಡ್ ಆಗಿದೆ. ಸಮಾನತೆಯ ಆಸೆ ದೊಡ್ಡದೇ. ಆದ್ರೆ ಅಜ್ಜಿ ಮುಂದೆ ನಾಲಿಗೆ ತಾನಾಗೇ ತಗ್ಗೋದನ್ನ ಆದೇಶದಿಂದ ತಡೆಯೋಕೆ ಆಗಲ್ಲ ಅನ್ನೋದು ನನ್ನ ನಂಬಿಕೆ. ದೋಯ್ ಈ ಊರಲ್ಲಿ ಇವತ್ತಿಗೂ ಕೇಳಿಸುತ್ತೆ.

ಎಲ್ಲಿ ಅಂದ್ರೆ, ಇಲ್ಲಿ. ದೇವಸ್ಥಾನದ ಅಂಗಳ. ಮಂಡಿಯೂರಿ ಕೂತಿರೋ ಈ ಅಜ್ಜಿಗೆ ಮೊಮ್ಮಕ್ಕಳಿದ್ದಾರೆ. ಎದುರಿಗಿರೋದು ಮೀಸೆ ಚಿಗುರದ ಹುಡುಗ, ಕಾವಿ ಉಟ್ಟ ಚಿಕ್ಕ ಸಾಮಣೇರ, ಅಂದ್ರೆ ಇನ್ನೂ ಪೂರ್ತಿ ಭಿಕ್ಷುವಾಗದ ಬೌದ್ಧ ಸನ್ಯಾಸಿ. ಅವನನ್ನ ಅಜ್ಜಿ ‘ಚುವಾ’ ಅಂತ ಕರೀತಾರೆ, ತಮ್ಮನ್ನ ಖಾನೊಯ್ ಅಂದ್ಕೋತಾರೆ, ಅವನ ಮಾತಿಗೆಲ್ಲ ‘ದೋಯ್’ ಅಂತಾರೆ. ಇಷ್ಟೊತ್ತು ನಾನು ಹೇಳಿದ ವಯಸ್ಸಿನ ಲೆಕ್ಕವೆಲ್ಲ ಕಾವಿ ಮುಂದೆ ತಲೆಕೆಳಗು.

ಕಾವಿ ಬಿಟ್ಟು ಮನೆಗೆ ಬಂದವರಿಗೂ ಒಂದು ಹೆಸರಿದೆ. ಸಾಮಣೇರನಾಗಿದ್ದವನು ಸಿಯೆಂಗ್, ಪೂರ್ತಿ ಭಿಕ್ಷುವಾಗಿದ್ದವನು ಥಿತ್. ಲಾವೋ ಜನಪದ ಕತೆಗಳ ಚತುರ ಸಿಯೆಂಗ್ ಮಿಯೆಂಗ್‌ನ ಹೆಸರಲ್ಲೂ ಇದೇ ಸಿಯೆಂಗ್ ಇದೆ. ನಮ್ಮನ್ನ ಮೆಕಾಂಗ್ ದಾಟಿಸಿದ ದೋಣಿಯವರನ್ನ ದಡದಲ್ಲಿದ್ದ ಎಲ್ಲರೂ ಥಿತ್ ಅಂತ ಸೇರಿಸಿಯೇ ಕೂಗ್ತಿದ್ರು. ಮದುವೆಯಾಗಿ, ಮಕ್ಕಳು ದೊಡ್ಡವರಾಗಿ, ಈಗ ಅವರ ಕೂದಲೇ ನರೆತಿದೆ.