ಮುತ್ತಿಗೆಯ ನಡುವೆ ಕೊಂಡ ಹೊಲ

ಎಲ್ಲರಿಗೂ ನಮಸ್ಕಾರ.

ದೇವರು ನಂಬಿಗಸ್ತರು, ಕೊಟ್ಟ ಮಾತು ತಪ್ಪುವವರಲ್ಲ ಅಂತ ನಾವು ಹಾಡುತ್ತೇವೆ, ಪ್ರಾರ್ಥನೆಯಲ್ಲಿ ಹೇಳುತ್ತೇವೆ. ಆ ಮಾತು ನೆರವೇರಲು ಎಷ್ಟು ಕಾಲ ಹಿಡಿಯಿತು ಅಂತ ಮಾತಾಡುವುದು ಕಡಿಮೆ. ಹಳೆ ಒಡಂಬಡಿಕೆ ಅದನ್ನು ಮುಚ್ಚಿಡುವುದಿಲ್ಲ. ವರ್ಷ ಎಣಿಸಿಯೇ ಹೇಳುತ್ತದೆ.

ದೇವರ ಕರೆಗೆ ಓಗೊಟ್ಟು ಖಾರಾನ್ ಊರು ಬಿಟ್ಟು ಹೊರಟಾಗ ಅಬ್ರಹಾಮನಿಗೆ 75 ವರ್ಷ. ಮಗ ಇಸಾಕ ಹುಟ್ಟಿದಾಗ 100. ಮಗನನ್ನು ಕೊಡುತ್ತೇನೆ ಅಂದ ದೇವರ ವಾಗ್ದಾನ ಹೀಗೆ ಅವನ ಕಣ್ಣೆದುರೇ ನೆರವೇರಿತು. ದೇಶದ ವಾಗ್ದಾನ? ಹೆಂಡತಿ ಸಾರಾ ತೀರಿಕೊಂಡಾಗ ಅವಳನ್ನು ಮಣ್ಣು ಮಾಡಲು ಅವನಿಗೆ ಸ್ವಂತ ಜಾಗ ಇರಲಿಲ್ಲ. ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಂಡ. ನಿನ್ನ ಸಂತತಿಗೆ ಕೊಡುತ್ತೇನೆ ಅಂತ ದೇವರು ಹೇಳಿದ್ದ ದೇಶದಲ್ಲೇ ದುಡ್ಡು ಕೊಟ್ಟು ಸಮಾಧಿಗೆ ಜಾಗ ತಗೊಂಡ. ಇದು ಸಣ್ಣ ನಂಬಿಕೆ ಅಲ್ಲ.

ಅಬ್ರಹಾಮನ ಹಾಗೆಯೇ ಬೆಳ್ಳಿ ತೂಗಿ ನೆಲ ಕೊಂಡ ಇನ್ನೊಬ್ಬ ಪ್ರವಾದಿ ಯೆರೆಮೀಯ. ಆ ಭಾಗ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುತ್ತದೆ.

ಅದು ಯೆಹೂದದ ಅರಸ ಚಿದ್ಕೀಯನ ಆಳಿಕೆಯ 10ನೇ ವರ್ಷ, ಕ್ರಿ.ಪೂ. 587ರ ಸುಮಾರು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಪಟ್ಟಣ ಬೀಳುತ್ತದೆ ಅಂತ ಸಾರಿದ್ದಕ್ಕೆ ಯೆರೆಮೀಯ ಕಾವಲಿನಲ್ಲಿದ್ದಾನೆ. ಅಲ್ಲಿಗೆ ಚಿಕ್ಕಪ್ಪನ ಮಗ ಹನಮೇಲ ಬರುತ್ತಾನೆ. "ಅನಾತೋತಿನಲ್ಲಿರುವ ನನ್ನ ಹೊಲ ತಗೋ" ಅನ್ನುತ್ತಾನೆ. ಅನಾತೋತ್ ಯೆರೂಸಲೇಮಿನ ಪಕ್ಕದ ಊರು. ಸುತ್ತೆಲ್ಲ ಶತ್ರುಗಳು. ಅಂಥ ಹೊಲವನ್ನು ಯಾರು ಕೊಳ್ಳುತ್ತಾರೆ, ಅಲ್ವಾ?

ಯೆರೆಮೀಯ ಕೊಂಡ. 17 ಶೆಕೆಲ್ ಬೆಳ್ಳಿ ತೂಗಿಕೊಟ್ಟ. ಸಾಕ್ಷಿಗಳ ಮುಂದೆ ಕ್ರಯಪತ್ರಕ್ಕೆ ರುಜು ಹಾಕಿ ಮುದ್ರೆ ಒತ್ತಿದ. ಮುದ್ರೆಯ ಪತ್ರ ಒಂದು, ತೆರೆದ ಪತ್ರ ಒಂದು. ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವ ಹಾಗೆ ಮಣ್ಣಿನ ಪಾತ್ರೆಯಲ್ಲಿ ಇಡಲು ಹೇಳಿದ. ಈ ದೇಶದಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುತ್ತಾರೆ ಅನ್ನುವುದು ದೇವರ ಮಾತಾಗಿತ್ತು.

ಪತ್ರ ಕೊಟ್ಟ ಮೇಲೆ ಅವನು ಪ್ರಾರ್ಥಿಸುತ್ತಾನೆ, ಆ ಪ್ರಾರ್ಥನೆಯಲ್ಲಿ ತಳಮಳ ಇದೆ. ಪಟ್ಟಣ ಹಿಡಿಯಲು ಶತ್ರುಗಳು ಹಾಕಿದ ದಿಬ್ಬ ಗೋಡೆ ಮುಟ್ಟಿದೆ, ಪಟ್ಟಣ ಅವರ ಪಾಲಾಗುತ್ತಿದೆ, ಆದರೂ ಹೊಲ ಕೊಳ್ಳು ಅಂದೆಯಲ್ಲ ಅಂತ ದೇವರನ್ನೇ ಕೇಳುತ್ತಾನೆ. ಬೈಬಲ್ ಇದನ್ನು ಅಳಿಸದೆ ಉಳಿಸಿಕೊಂಡಿದೆ. ನಂಬಿಕೆ ಅಂದರೆ ಪ್ರಶ್ನೆಯೇ ಏಳದಿರುವುದು ಅಂತ ಬೋಧಿಸುವವರು ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ ಓದಬೇಕು. ದೇವರು ಅವನನ್ನು ಗದರಿಸಲಿಲ್ಲ. ನನಗೆ ಅಸಾಧ್ಯವಾದದ್ದು ಉಂಟೋ ಅಂತ ತಿರುಗಿ ಕೇಳಿದರು. ಮಗು ಹುಟ್ಟುತ್ತದೆ ಅಂದಾಗ ಸಾರಾ ನಕ್ಕಳಲ್ಲ, ಅವತ್ತು ಕೇಳಿದ್ದೂ ಇಂಥದೇ ಪ್ರಶ್ನೆ.

ಪಟ್ಟಣ ಬಿತ್ತು. ದೇವಾಲಯ ಸುಟ್ಟುಹೋಯಿತು. ಯೆರೆಮೀಯನನ್ನು ಅವನ ಜನರೇ ಐಗುಪ್ತಕ್ಕೆ ಕರೆದುಕೊಂಡು ಹೋದರು. ಆದರೆ ಕ್ರಿ.ಪೂ. 538ರ ಹೊತ್ತಿಗೆ ಪರ್ಷಿಯದ ಅರಸ ಕೋರೆಷ ಬಾಬೆಲಿಗೆ ಸೆರೆ ಹೋಗಿದ್ದ ಯೆಹೂದ್ಯರಿಗೆ ಊರಿಗೆ ಮರಳಲು ಅಪ್ಪಣೆ ಕೊಟ್ಟ. ಮರಳಿದವರ ಉದ್ದದ ಪಟ್ಟಿ ಬೈಬಲಿನ ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿದೆ. ಬರೀ ಹೆಸರು, ಸಂಖ್ಯೆ ಅಂತ ನಾವು ಅದನ್ನು ಸುಮ್ನೆ ದಾಟಿಬಿಡುತ್ತೇವೆ. ದಯವಿಟ್ಟು ದಾಟಬೇಡಿ. 23ನೇ ವಚನ ನೋಡಿ: ಅನಾತೋತಿನವರು, 128 ಮಂದಿ.